ಯೋಧನ ಮಡದಿ ಎಂದು ಬರೆಯುವ ಮೊದಲು

ನರ್ಸ್ ಆಗಿದ್ದು ಸೈನಿಕನ ಕೈಹಿಡಿದ ಹೆಣ್ಣುಮಗಳು ತೀರಿಕೊಂಡಾಗ ನಾವು ಬರೆಯುವ ಶ್ರದ್ಧಾಂಜಲಿಗಳಲ್ಲಿ ಮೊದಲು ಬರುವುದು ಗಂಡನ ಹುದ್ದೆ. ಆಮೇಲೆ ಅವರು ಸುತ್ತಿದ ಕಂಟೋನ್ಮೆಂಟುಗಳು, ಆಕೆ ಒಬ್ಬಳೇ ಮಕ್ಕಳನ್ನು ಸಾಕಿದ ರೀತಿ, ಆಕೆಯ ತಾಳ್ಮೆ. ಆಕೆ ನರ್ಸ್ ಆಗಿದ್ದಳೆಂಬುದು ಕೊನೆಯಲ್ಲಿ ಒಂದು ಸಾಲು. ಇಂಥ ಬರಹಗಳನ್ನೂ ಮಿಲಿಟರಿ ನರ್ಸಿಂಗ್ ಸೇವೆಯ ನಿಯಮಗಳನ್ನೂ ಒಟ್ಟಿಗಿಟ್ಟು ಓದಿದ ಮೇಲೆ ನನಗೆ ಮನದಟ್ಟಾದದ್ದು ಒಂದೇ. ಆಕೆಯ ಸೇವಾವಧಿ ಚಿಕ್ಕದಾಗಿ ಕಾಣುವುದಕ್ಕೆ ಆಕೆಯ ಒಲವು ಕಡಿಮೆಯಿತ್ತೆಂದು ಅರ್ಥವಲ್ಲ. ಅದನ್ನು ಮೊಟಕು ಮಾಡಿದ ನಿಯಮಗಳೂ ವರ್ಗಾವಣೆಗಳೂ ಇದ್ದವು. ಅವನ್ನು ಬಿಟ್ಟು ಬರೆದ ಜೀವನಚಿತ್ರ ಆಕೆಗೆ ಮಾಡುವ ಅನ್ಯಾಯ.

ಸೆಲಿನಾ ಜಾನ್ ಅವರ ಪ್ರಕರಣವನ್ನೇ ನೋಡಿ. 1982ರಲ್ಲಿ ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತರಬೇತಿಗೆ ಸೇರಿದವರು, 1985ರಲ್ಲಿ ಲೆಫ್ಟಿನೆಂಟ್ ಆಗಿ ಸಿಕಂದರಾಬಾದಿನ ಮಿಲಿಟರಿ ಆಸ್ಪತ್ರೆಗೆ ಬಂದರು. 1988ರಲ್ಲಿ ಸೇನಾಧಿಕಾರಿಯೊಬ್ಬರನ್ನು ಮದುವೆಯಾದರು. ಅದೇ ವರ್ಷ ಅವರನ್ನು ಸೇವೆಯಿಂದ ಬಿಡುಗಡೆ ಮಾಡಲಾಯಿತು. ಆಗ ಜಾರಿಯಲ್ಲಿದ್ದ 1977ರ ಸೇನಾ ಸೂಚನೆಯಲ್ಲಿ ನರ್ಸಿಂಗ್ ಅಧಿಕಾರಿಯನ್ನು ಬಿಡುಗಡೆ ಮಾಡುವ ಕಾರಣಗಳ ಪಟ್ಟಿಯಿತ್ತು. ವೈದ್ಯಕೀಯ ಅನರ್ಹತೆ, ದುರ್ನಡತೆಗಳ ಜೊತೆಗೆ ಮದುವೆಯನ್ನೂ ಅದರಲ್ಲಿ ಸೇರಿಸಲಾಗಿತ್ತು! ಮದುವೆಯಾಗುವುದನ್ನು ದುರ್ನಡತೆಯ ಸಾಲಿನಲ್ಲಿ ನಿಲ್ಲಿಸಿದ ಆ ಪಟ್ಟಿ ಸುಮಾರು ಹದಿನೆಂಟು ವರ್ಷ ನಡೆಯಿತು. ಅದನ್ನು ಹಿಂತೆಗೆದುಕೊಂಡದ್ದು 1995ರ ಆಗಸ್ಟಿನಲ್ಲಿ. ಸೆಲಿನಾ ಅವರಿಗೆ ಅಂತಿಮ ನ್ಯಾಯ ಸಿಕ್ಕಿದ್ದು 2024ರ ಫೆಬ್ರವರಿಯಲ್ಲಿ. ಈ ನಿಯಮ ಮಹಿಳಾ ನರ್ಸಿಂಗ್ ಅಧಿಕಾರಿಗಳಿಗಷ್ಟೇ ಅನ್ವಯಿಸುತ್ತಿತ್ತು, ಇದು ಸ್ಪಷ್ಟ ಲಿಂಗ ತಾರತಮ್ಯ ಎಂದ ಸುಪ್ರೀಂ ಕೋರ್ಟ್ 60 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ಕೋರ್ಟಿನ ಮೆಟ್ಟಿಲು ಹತ್ತದೆ ಮನೆಗೆ ಮರಳಿದವರ ಶ್ರದ್ಧಾಂಜಲಿಗಳಲ್ಲಿ ಬರುವ ಮಾತು ನಮಗೆಲ್ಲ ಗೊತ್ತು: ಮದುವೆಯ ನಂತರ ಕೆಲಸ ಬಿಟ್ಟರು. ಬಿಟ್ಟರೋ, ಬಿಡಿಸಿದರೋ ಎಂದು ಕೇಳುವವರೇ ಇಲ್ಲ.

ಸಮವಸ್ತ್ರ ತೊಡದೆ ಊರಿನ ಆಸ್ಪತ್ರೆಯಲ್ಲಿ ಸಿಸ್ಟರ್ ಆಗಿದ್ದವರದು ಇನ್ನೊಂದು ಬಗೆಯ ಕಷ್ಟ. ಗಂಡನಿಗೆ ಎರಡು–ಮೂರು ವರ್ಷಕ್ಕೊಮ್ಮೆ ವರ್ಗ. ನರ್ಸಿನ ಹೆಸರಿರುವುದು ಒಂದು ರಾಜ್ಯದ ನರ್ಸಿಂಗ್ ಕೌನ್ಸಿಲಿನಲ್ಲಿ. ಇನ್ನೊಂದು ರಾಜ್ಯಕ್ಕೆ ಹೋದರೆ ನಿರಾಕ್ಷೇಪಣಾ ಪತ್ರ ತಂದು ಅಲ್ಲಿ ಮತ್ತೆ ನೋಂದಾಯಿಸಿಕೊಳ್ಳಬೇಕು. ಕಾಗದಪತ್ರ ಕೈಸೇರುವಷ್ಟರಲ್ಲಿ ಮುಂದಿನ ವರ್ಗದ ಆದೇಶ ಬಂದರೂ ಬಂತು. ಹೋದಲ್ಲೆಲ್ಲ ಹೊಸಬಳಾಗಿ ಸೇರಬೇಕಾದ್ದರಿಂದ ಹಿಂದಿನ ಅನುಭವ ಬಡ್ತಿಗೂ ಸಂಬಳಕ್ಕೂ ಒದಗುವುದಿಲ್ಲ. ಕೊಡಗಿನಂತೆ ಮನೆಮನೆಯಿಂದ ಸೇನೆಗೆ ಹೋಗುವ ಸೀಮೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸೈನಿಕನನ್ನು ಮದುವೆಯಾಗುವಾಗ ಇದೆಲ್ಲ ಗೊತ್ತಿರಲಿಲ್ಲವೇ, ಅದು ಆಕೆಯದೇ ಆಯ್ಕೆಯಲ್ಲವೇ ಎನ್ನುವವರಿದ್ದಾರೆ. ಊರೂರು ಸುತ್ತುವ ಬದುಕನ್ನು ಆಕೆ ಆಯ್ದುಕೊಂಡದ್ದು ಹೌದು. ಆದರೆ ಮದುವೆಯಾದ ಮಾತ್ರಕ್ಕೆ ಕೆಲಸ ಕಸಿಯುವ ನಿಯಮವನ್ನು ಆಕೆ ಆಯ್ದುಕೊಳ್ಳಲಿಲ್ಲ, ಕೌನ್ಸಿಲುಗಳ ನಡುವಿನ ಅಲೆದಾಟವನ್ನೂ ಕೂಡ. ಸೇನೆಗೆ ಶಿಸ್ತು ಬೇಕು, ಎಲ್ಲಿಗೆ ಕಳಿಸಿದರೂ ಹೊರಡುವವರು ಬೇಕು ಎಂಬ ವಾದದಲ್ಲಿ ಹುರುಳಿದೆ. ಆದರೆ ಮದುವೆಯ ಆ ನಿಯಮಕ್ಕೆ ಅದು ಸಮರ್ಥನೆಯಾಗದು. ಮದುವೆಯಾದ ಗಂಡು ಅಧಿಕಾರಿಗಳು ಎಲ್ಲ ಕಾಲದಲ್ಲೂ ಹೊರಟಿದ್ದಾರೆ. 1995ರ ನಂತರ ನರ್ಸಿಂಗ್ ಸೇವೆಯೇನೂ ನಿಂತುಹೋಗಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಯೋಧನ ಮಡದಿ ಎಂಬುದು ಆಕೆಗೇ ಹೆಮ್ಮೆಯಾಗಿದ್ದರೆ, ಸತ್ತ ಮೇಲೆ ಅದನ್ನು ಹಿಂದಕ್ಕೆ ಸರಿಸಲು ನಾವು ಯಾರು? ಈ ಮಾತನ್ನು ನಾನು ಗೌರವಿಸುತ್ತೇನೆ. ಆ ಹೆಮ್ಮೆ ಇದ್ದಲ್ಲೇ ಇರಲಿ. ಜನರಲ್ ತಿಮ್ಮಯ್ಯನವರ ಪತ್ನಿ ನೀನಾ ಅವರು 1935ರ ಕ್ವೆಟ್ಟಾ ಭೂಕಂಪದಲ್ಲಿ ಸಂತ್ರಸ್ತರಿಗಾಗಿ ದುಡಿದು ಕೈಸರ್-ಎ-ಹಿಂದ್ ಪದಕ ಪಡೆದವರು. ಅವರು ನರ್ಸ್ ಅಲ್ಲ. ಆದರೂ ಆ ಪದಕ ಅವರ ಸ್ವಂತ ದುಡಿಮೆಗೆ ಸಂದದ್ದು. ಅದನ್ನು ಹೇಳಿದರೆ ತಿಮ್ಮಯ್ಯನವರ ಕೀರ್ತಿಗೆ ಕುಂದಾಗುವುದಿಲ್ಲ, ನೀನಾ ಅವರ ದಾಂಪತ್ಯದ ಹೆಮ್ಮೆಗೂ ಧಕ್ಕೆಯಿಲ್ಲ. ನರ್ಸ್ ಒಬ್ಬರ ವಿಷಯದಲ್ಲಿ ಇನ್ನೂ ಮುಖ್ಯವಾದ ಮಾತೊಂದಿದೆ. ಆಕೆ ಆರೈಕೆ ಮಾಡಿದ ರೋಗಿಗಳು ಆಕೆಯ ಹೆಸರನ್ನೇ ತಿಳಿಯದೆ ಗುಣವಾಗಿ ಮನೆಗೆ ಹೋಗಿರುತ್ತಾರೆ. ಸಾಕ್ಷಿ ಹೇಳಲು ಅವರು ಬರಲಾರರು. ಹಾಗಾಗಿ ಆ ಹೊಣೆ ಬರೆಯುವವರದು.

ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇಂಥವರಿದ್ದರೆ, ಅವರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ: ಕಲಿತ ನರ್ಸಿಂಗ್ ಶಾಲೆ, ನೋಂದಣಿಯ ವರ್ಷ, ದುಡಿದ ಆಸ್ಪತ್ರೆಗಳು, ಯಾವ ವಾರ್ಡು, ಕೆಲಸ ನಿಂತದ್ದು ಯಾವಾಗ, ಯಾರ ಆದೇಶದಿಂದ. ಗಂಡನ ಸೇವಾ ದಾಖಲೆಯ ಪಕ್ಕದಲ್ಲೇ ಅದನ್ನೂ ಜೋಪಾನವಾಗಿಡಿ.