ಟೈರಿನ ಹಿಡಿತ: ಸಾಹಸ ಚಾಲನೆಯ ಮೊದಲ ಪಾಠ

ನಾಂಪಲ್ಲಿಯ ನುಮಾಯಿಷ್‌ಗೆ ಹೋದ ನಮ್ಮವರಲ್ಲಿ ಸಾವಿನ ಬಾವಿಯ ಮುಂದೆ ನಿಲ್ಲದೆ ಬಂದವರು ವಿರಳ. 1938ರಲ್ಲಿ ಆರಂಭವಾದ ಈ ಪ್ರದರ್ಶನದಲ್ಲಿ ಜನರು ‘ಮೌತ್ ಕಾ ಕುವಾ’ ಎನ್ನುವ ಹಲಗೆಯ ಬಾವಿಯಲ್ಲಿ ಮೋಟಾರ್ ಸೈಕಲೂ ಕಾರೂ ನೆಟ್ಟನೆಯ ಗೋಡೆಯ ಮೇಲೆ ಸುತ್ತುವುದುಂಟು. ನೋಡಿ ಬಂದ ಹುಡುಗರಿಗೆ ಕೈ ತುರಿಸುವುದು ಸಹಜವೇ. ಆದುದರಿಂದ ಅಲ್ಲಿಯ ಲೆಕ್ಕವನ್ನು ಮೊದಲು ತಿಳಿಯೋಣ.

ವೇಗವಾಗಿ ಸುತ್ತುವ ಗಾಡಿಯನ್ನು ಗೋಡೆಯು ಒಳಕ್ಕೆ ಒತ್ತುತ್ತದೆ. ಆ ಒತ್ತಿನಿಂದ ಟೈರಿಗೂ ಹಲಗೆಗೂ ನಡುವೆ ಹುಟ್ಟುವ ಘರ್ಷಣೆಯೇ ಗಾಡಿಯ ಭಾರವನ್ನು ಹೊರುತ್ತದೆ. ಬಾವಿಯ ಅಡ್ಡಳತೆ 10 ಮೀಟರ್ ಎಂದಿಟ್ಟುಕೊಂಡರೆ ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗ ಸಾಕು. ಸಿಟಿ ಬಸ್ಸಿನ ವೇಗ! ಸವಾರನು ಮೊದಲು ಬುಡದ ಓರೆ ಹಲಗೆಯ ಮೇಲೆ ಸುತ್ತಿ, ವೇಗ ಕೂಡಿದ ಮೇಲೆ ಗೋಡೆಗೆ ಏರುವುದನ್ನು ಮುಂದಿನ ಸಲ ಗಮನಿಸಿರಿ.

ರಸ್ತೆಯಲ್ಲಿಯೂ ಎಲ್ಲವೂ ಟೈರಿನ ಹಿಡಿತದ ಮೇಲೆ ನಿಂತಿದೆ. ಒಂದೊಂದು ಚಕ್ರ ನೆಲವನ್ನು ಮುಟ್ಟುವುದು ಸುಮಾರು ಅಂಗೈಯಗಲ ಜಾಗದಲ್ಲಿ. ಈ ಹಿಡಿತ ನಮ್ಮ ತಿಂಗಳ ಸಂಬಳದಂತೆ. ಬ್ರೇಕಿಗೆ ಇಷ್ಟು, ತಿರುವಿಗೆ ಇಷ್ಟು ಎಂದು ಹಂಚಬೇಕು. ಬ್ರೇಕಿಗೇ ಪೂರಾ ಖರ್ಚು ಮಾಡಿದವನಿಗೆ ತಿರುಗಲು ಕಾಸು ಉಳಿಯದು. ಚಕ್ರಗಳು ಕಚ್ಚಿಕೊಂಡು, ಸ್ಟೀರಿಂಗ್ ತಿರುಗಿಸಿದರೂ ಕಾರು ನೇರಕ್ಕೇ ಹೋಗುತ್ತದೆ. ಮಳೆ ಬಂದ ದಿನ ಸಂಬಳವೇ ಕಡಿತ. ಆದ್ದರಿಂದ ತಿರುವು ಬರುವುದಕ್ಕೆ ಮುಂಚೆಯೇ ವೇಗವನ್ನು ಇಳಿಸಿಕೊಳ್ಳಬೇಕು. ಎ.ಬಿ.ಎಸ್. ಇರುವ ಕಾರಿನಲ್ಲಿ ಚಕ್ರ ಕಚ್ಚದಂತೆ ಯಂತ್ರವೇ ನೋಡಿಕೊಳ್ಳುತ್ತದೆ, ನಿಜ. ಇಲ್ಲದ ಹಿಡಿತವನ್ನು ಅದೂ ತಂದುಕೊಡಲಾರದು.

ಸಿನಿಮಾದಲ್ಲಿ ಕಾರು ಕ್ಷಣಮಾತ್ರದಲ್ಲಿ ಹಿಂದುಮುಂದಾಗುವುದು ಹೇಗೆ? ಸ್ಟೀರಿಂಗ್ ತಿರುಗಿಸಿ ಕೈಬ್ರೇಕ್ ಎಳೆದಾಗ ಹಿಂದಿನ ಚಕ್ರಗಳು ಹಿಡಿತ ಕಳೆದುಕೊಳ್ಳುತ್ತವೆ, ಹಿಂಭಾಗ ಬೀಸಿ ಬರುತ್ತದೆ. ಒದ್ದೆ ರಸ್ತೆಯಲ್ಲಿ ಇದು ತಾನಾಗಿಯೇ ಆದರೆ ಬ್ರೇಕ್ ತುಳಿಯಬೇಡಿರಿ. ಆಕ್ಸಿಲರೇಟರನ್ನು ಮೆಲ್ಲನೆ ಸಡಿಲಿಸಿರಿ. ಹಿಂಭಾಗ ಎಡಕ್ಕೆ ಜಾರಿದರೆ ಸ್ಟೀರಿಂಗನ್ನೂ ಎಡಕ್ಕೇ ತಿರುಗಿಸಿರಿ. ಕಾರು ನೆಟ್ಟಗಾಗುತ್ತಲೇ ಅದನ್ನೂ ನೆಟ್ಟಗೆ ಮಾಡಿರಿ. ಕಣ್ಣು ಹೋಗಬೇಕಾದ ದಾರಿಯ ಮೇಲಿರಲಿ, ಗುದ್ದೀತೆಂಬ ಕಂಬದ ಮೇಲಲ್ಲ. ಮುಂಭಾಗ ಜಾರಿದರೆ ಇನ್ನಷ್ಟು ತಿರುಗಿಸಿ ಫಲವಿಲ್ಲ. ವೇಗ ಇಳಿಸಿ ಸ್ಟೀರಿಂಗನ್ನು ಸ್ವಲ್ಪ ಸಡಿಲ ಬಿಡಬೇಕು.

ಇದನ್ನು ಓದಿ ಕಲಿಯಲಾಗದು, ಕೈಗೆ ರೂಢಿಯಾಗಬೇಕು. ಎಲ್ಲಿ? 2023ರ ಫೆಬ್ರವರಿ 11ರಂದು ಹುಸೇನ್ ಸಾಗರದ ದಂಡೆಯಲ್ಲಿ ಫಾರ್ಮುಲಾ ಇ ವಿದ್ಯುತ್ ಕಾರುಗಳ ಪಂದ್ಯ ನಡೆಯಿತು. ಆ 2.8 ಕಿಲೋಮೀಟರ್ ದಾರಿಯಲ್ಲಿ ಸಂಚಾರ ನಿಲ್ಲಿಸಿ, ಇಕ್ಕೆಲಗಳಲ್ಲಿ ತಡೆಗೋಡೆ ಕಟ್ಟಿದ್ದರು. ಅದೇ ದಂಡೆಯಲ್ಲಿ ಅನುಮತಿಯಿಲ್ಲದೆ ರಾತ್ರಿ ಪಂದ್ಯ ಕಟ್ಟುವುದು ಮೋಟಾರು ವಾಹನ ಕಾಯಿದೆಯ 189ನೆಯ ಕಲಮಿನಂತೆ ಅಪರಾಧ: ಮೂರು ತಿಂಗಳವರೆಗೆ ಜೈಲು, ಇಲ್ಲವೆ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಬಂದು ಇಲ್ಲಿ ಟ್ಯಾಕ್ಸಿ ಓಡಿಸುವ ನಮ್ಮ ತಮ್ಮಂದಿರಿಗೆ ಲೈಸೆನ್ಸ್ ಹೋದರೆ ಮನೆಯ ಒಲೆಯೇ ಆರುತ್ತದೆ.

ಆದುದರಿಂದ ಬೇಲಿ ಹಾಕಿದ ಖಾಲಿ ಮೈದಾನ, ಮಾಲೀಕರ ಒಪ್ಪಿಗೆ, ಪಕ್ಕದಲ್ಲಿ ಅನುಭವಿ ಶಿಕ್ಷಕ, ಸೊಂಟಕ್ಕೆ ಬೆಲ್ಟು. ಇಷ್ಟಿದ್ದರೆ ಮಾತ್ರ ಆರಂಭಿಸಿರಿ. ಕೈಬ್ರೇಕಿನ ಆಟ ಆಮೇಲೆ. ಮೊದಲ ದಿನ ಸುಣ್ಣದ ಗೆರೆ ಎಳೆದು, 20 ಕಿಲೋಮೀಟರ್ ವೇಗದಲ್ಲಿ ಬಂದು ಗೆರೆಯ ಮೇಲೆ ಬ್ರೇಕ್ ಹಾಕಿರಿ. ನಿಂತ ಜಾಗವನ್ನು ಹೆಜ್ಜೆಯಿಂದ ಅಳೆಯಿರಿ. ಬಳಿಕ 40ರಲ್ಲಿ ಬನ್ನಿರಿ. ವೇಗ ಎರಡರಷ್ಟಾದರೆ ಅಳತೆ ನಾಲ್ಕರಷ್ಟಾಗಿರುತ್ತದೆ. ಅನಂತರ ನೆಲಕ್ಕೆ ನೀರು ಚಿಮುಕಿಸಿ ಮತ್ತೆ 20ರಿಂದಲೇ ಹಿಡಿಯಿರಿ.