ಮರ ಮತ್ತು ಕಲ್ಲು ಬರೆದಿಟ್ಟ ಬರದ ಲೆಕ್ಕ



ಈ ಸಲದ ವಾರದ ಸಭೆಯಲ್ಲಿ ಒಂದು ಪ್ರಶ್ನೆ ಕೇಳಿ ನೋಡಿ: "ನಮ್ಮ ಊರು ಕಂಡ ದೊಡ್ಡ ಬರ ಯಾವುದು?" ಹಿರಿಯರು 1972ರ ಬರ ಅನ್ನುತ್ತಾರೆ. ನಡುವಯಸ್ಸಿನವರು 2001ರಿಂದ 2003ರವರೆಗೆ ಬಿಡದೆ ಕಾಡಿದ ಬರವನ್ನು ನೆನೆಯುತ್ತಾರೆ. ಸೊಸೆಯಂದಿರು 2023 ಅನ್ನುತ್ತಾರೆ. ಆ ವರ್ಷ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತ ಅಂತ ಘೋಷಿಸಿತು.

ಎಲ್ಲರ ಮಾತೂ ಸರಿ. ಆದರೆ ನಮ್ಮ ನೆನಪು ಅಜ್ಜಿಯ ಕಾಲಕ್ಕೆ ನಿಂತುಬಿಡುತ್ತದೆ. ಭಾರತದ ಹವಾಮಾನ ಇಲಾಖೆ ಶುರುವಾದದ್ದೇ 1875ರಲ್ಲಿ. ದೇಶದುದ್ದಕ್ಕೂ ಕ್ರಮವಾಗಿ ಮಳೆ ಅಳೆದ ಲೆಕ್ಕ ಸುಮಾರು 150 ವರ್ಷದ್ದು ಮಾತ್ರ. ಅದಕ್ಕೂ ಹಿಂದೆ ಎಂತೆಂಥ ಬರ ಬಂದಿತ್ತು? ಎಷ್ಟು ವರ್ಷ ಇತ್ತು? ಇದನ್ನು ತಿಳಿಯುವುದು ನಮಗೇಕೆ ಬೇಕು ಅಂದರೆ, ಸಂಘದಲ್ಲಿ ಸಾಲ ಕೊಡುವಾಗ ನಾವೆಲ್ಲ ಮನಸ್ಸಿನಲ್ಲೇ ಒಂದು ಲೆಕ್ಕ ಹಾಕಿರುತ್ತೇವೆ: "ಈ ವರ್ಷ ಮಳೆ ಹೋದರೂ ಮುಂದಿನ ವರ್ಷ ಬಂದೀತು, ಕಂತು ಕಟ್ಟಿಯಾರು." ಈ ಲೆಕ್ಕ ಎಷ್ಟು ಗಟ್ಟಿ ಅನ್ನುವುದಕ್ಕೆ ಉತ್ತರ ಹಳೆಯ ಮರಗಳಲ್ಲಿ ಮತ್ತು ಗುಹೆಯ ಕಲ್ಲುಗಳಲ್ಲಿ ಇದೆ.

ತೇಗದ ಮರದ ಉಂಗುರ

ತೇಗದ ಮರ ಬೇಸಿಗೆಯಲ್ಲಿ ಎಲೆ ಉದುರಿಸಿ ಬೆಳೆಯುವುದನ್ನು ನಿಲ್ಲಿಸುತ್ತದೆ. ಮಳೆ ಬಿದ್ದ ಮೇಲೆ ಮತ್ತೆ ಬೆಳೆಯುತ್ತದೆ. ಹೀಗೆ ವರ್ಷಕ್ಕೊಂದು ಉಂಗುರ ಕಟ್ಟಿಕೊಳ್ಳುತ್ತದೆ. ಮಳೆ ಚೆನ್ನಾಗಿ ಬಂದ ವರ್ಷ ಉಂಗುರ ಅಗಲ. ಬರ ಬಂದ ವರ್ಷ ಉಂಗುರ ಸಣ್ಣದು. ತೊಗಟೆಯ ಕಡೆಯಿಂದ ಒಳಗೆ ಎಣಿಸಿಕೊಂಡು ಹೋದರೆ ಯಾವ ಉಂಗುರ ಯಾವ ವರ್ಷದ್ದು ಅಂತ ಗೊತ್ತಾಗುತ್ತದೆ. ಇದಕ್ಕೆ ಮರ ಕಡಿಯಬೇಕಾಗಿಲ್ಲ. ಪೆನ್ಸಿಲ್ ದಪ್ಪದ ಒಂದು ಎಳೆಯನ್ನು ಕೊರೆದು ತೆಗೆದರೆ ಸಾಕು.

ಆದರೆ ಒಂದೇ ಮರದ ಸಾಕ್ಷಿ ಸಾಲದು. ಹುಳು ಎಲೆ ತಿಂದರೂ, ಕಾಡಿಗೆ ಬೆಂಕಿ ಬಿದ್ದರೂ ಉಂಗುರ ಸಣ್ಣದಾಗುತ್ತದೆ. ಕೆಲವು ಸಲ ತೇಗ ಒಂದೇ ವರ್ಷದಲ್ಲಿ ಎರಡು ಉಂಗುರ ಕಟ್ಟಿದ ಹಾಗೆ ಕಾಣುವುದೂ ಉಂಟು. ಆದ್ದರಿಂದ ವಿಜ್ಞಾನಿಗಳು ಅನೇಕ ಮರಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುತ್ತಾರೆ. ಮಳೆ ಅಳೆದ ವರ್ಷಗಳ ಜೊತೆ ತಾಳೆ ನೋಡುತ್ತಾರೆ. ಕೇರಳದ ತೇಗದ ಮರಗಳಿಂದ ಹೀಗೆ 1481ರಿಂದ 2003ರವರೆಗಿನ 523 ವರ್ಷಗಳ ಲೆಕ್ಕ ಸಿದ್ಧವಾಗಿ 2010ರಲ್ಲಿ ಪ್ರಕಟವಾಯಿತು. ದೂರದ ಪೆಸಿಫಿಕ್ ಸಾಗರದ ನೀರು ಎಂದಿಗಿಂತ ಹೆಚ್ಚು ಬಿಸಿಯಾಗುವ ಎಲ್ ನಿನೋ ವರ್ಷಗಳಲ್ಲಿ ನಮ್ಮ ಮುಂಗಾರು ಸೊರಗಿ, ತೇಗದ ಉಂಗುರಗಳೂ ಸಣ್ಣದಾದದ್ದು ಅದರಲ್ಲಿ ಕಂಡುಬಂತು.

ಗುಹೆಯ ಕಲ್ಲು

ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ನೀವು ನೋಡಿದ್ದೀರಿ, ಅಲ್ವಾ? ಅದು ನೀರಿನಲ್ಲಿರುವ ಸುಣ್ಣ. ಸುಣ್ಣಕಲ್ಲಿನ ಗುಹೆಗಳಲ್ಲೂ ಮಳೆನೀರು ಮೇಲಿನಿಂದ ತೊಟ್ಟಿಕ್ಕುತ್ತಾ, ಸುಣ್ಣದ ತೆಳು ಪದರಗಳನ್ನು ಬಿಡುತ್ತಾ ಹೋಗುತ್ತದೆ. ಸಾವಿರಾರು ವರ್ಷಕ್ಕೆ ಅದೇ ಕಲ್ಲಿನ ಕಂಬವಾಗುತ್ತದೆ. ಆ ಪದರಗಳಲ್ಲಿ ಹಗುರ ಜಾತಿಯ ಮತ್ತು ಭಾರದ ಜಾತಿಯ ಆಮ್ಲಜನಕ ಎಷ್ಟೆಷ್ಟಿದೆ ಅಂತ ಅಳೆದು, ಆಗ ಮಳೆ ಹೆಚ್ಚಿತ್ತೋ ಕಡಿಮೆಯಿತ್ತೋ ಅಂತ ತಿಳಿಯುತ್ತಾರೆ.

ಛತ್ತೀಸ್‌ಗಢದ ದಂಡಕ ಗುಹೆಯ ಒಂದು ಕಲ್ಲು ಸುಮಾರು ಕ್ರಿ.ಶ. 600ರಿಂದ 1500ರವರೆಗಿನ ಮುಂಗಾರಿನ ಕಥೆ ಹೇಳಿದೆ. 14 ಮತ್ತು 15ನೇ ಶತಮಾನಗಳಲ್ಲಿ ಮುಂಗಾರು ಒಂದೆರಡು ವರ್ಷವಲ್ಲ, ದಶಕಗಟ್ಟಲೆ ಸೊರಗಿದ್ದ ಕಾಲಗಳು ಅದರಲ್ಲಿವೆ. ಹಳೆಯ ಬರಹಗಳು ಹೇಳುವ, ದಖ್ಖನ್ ನಾಡನ್ನು ಬರಿದು ಮಾಡಿದ ದುರ್ಗಾದೇವಿ ಬರವೂ 1396ರ ನಂತರದ ವರ್ಷಗಳದ್ದೇ.

ಇವೆರಡೂ ಸೇರಿ ಹೇಳುವ ಮಾತು

ಏಷ್ಯಾದ 300ಕ್ಕೂ ಹೆಚ್ಚು ಜಾಗಗಳ ಮರದ ಉಂಗುರಗಳನ್ನು ಸೇರಿಸಿ, ಸುಮಾರು 700 ವರ್ಷಗಳ ಬರದ ನಕ್ಷೆಯನ್ನು ಅಮೆರಿಕದ ಎಡ್ವರ್ಡ್ ಕುಕ್ ಮತ್ತು ಜೊತೆಗಾರರು 2010ರಲ್ಲಿ ಪ್ರಕಟಿಸಿದರು. ಅದರಲ್ಲಿ ಎದ್ದು ಕಾಣುವ ಮೂರು ಬರಗಳನ್ನು ಗಮನಿಸಿ:

1. 1756ರಿಂದ 1768: ಭಾರತ ಮತ್ತು ಆಗ್ನೇಯ ಏಷ್ಯಾವನ್ನು ಕಾಡಿದ ದೀರ್ಘ ಬರ.
2. 1790ರಿಂದ 1796: ನಮ್ಮ ಧಾರವಾಡ, ಬಿಜಾಪುರ ಸೀಮೆಯವರು ಡೋಗಿ ಬರ, ಅಂದರೆ ತಲೆಬುರುಡೆ ಬರ ಅಂತ ಕರೆದದ್ದು ಈ ಅವಧಿಯಲ್ಲೇ ಬಂತು.
3. 1876ರಿಂದ 1878: ಹಳೇ ಮೈಸೂರಿನಲ್ಲಿ ಧಾತು-ಈಶ್ವರ ಸಂವತ್ಸರಗಳ ಬರ ಅಂತ ಹೆಸರಾದದ್ದು.

ಗಮನಿಸಬೇಕಾದದ್ದು ಇಸವಿಗಳನ್ನಲ್ಲ, ಎಷ್ಟು ವರ್ಷ ಇತ್ತು ಅನ್ನುವುದನ್ನು. ಮೂರು ವರ್ಷ, ಏಳು ವರ್ಷ, ಹದಿಮೂರು ವರ್ಷ! ಅಷ್ಟೂ ವರ್ಷ ಒಂದು ಹನಿಯೂ ಬೀಳಲಿಲ್ಲ ಅಂತಲ್ಲ. ಒಂದು ವರ್ಷ ಚೇತರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ವರ್ಷ ಕೈಕೊಟ್ಟಿತು. ಅಂದರೆ ಬರ ಒಂಟಿಯಾಗಿ ಬರುತ್ತದೆ ಅಂತ ನಂಬುವ ಹಾಗಿಲ್ಲ.

ಮುಂದಿನ ಬರ ಯಾವ ವರ್ಷ ಅಂತ ಮರವೂ ಹೇಳುವುದಿಲ್ಲ, ಕಲ್ಲೂ ಹೇಳುವುದಿಲ್ಲ. ಎಷ್ಟು ದೊಡ್ಡದು ಬರಬಹುದು ಅಂತ ಮಾತ್ರ ಎಚ್ಚರಿಸುತ್ತವೆ. ಇನ್ನೊಂದು ವಿಷಯ: ಆ ಬರಗಳು ಬಂದಾಗ ಭೂಮಿ ಈಗಿನಷ್ಟು ಬಿಸಿಯಾಗಿರಲಿಲ್ಲ. ಈಗ ಬಿಸಿಲ ಕಾವು ಹೆಚ್ಚಿ, ಬಿದ್ದ ಮಳೆಯ ತೇವವೂ ನೆಲದಿಂದ ಬೇಗ ಆರುತ್ತದೆ. ಆದ್ದರಿಂದ ಹಿಂದೆ ಬಂದದ್ದು ಮುಂದೆ ಬರಲಾರದು ಅಂತ ಧೈರ್ಯವಾಗಿ ಕೂರುವಂತಿಲ್ಲ.

ಬರ ಬೇರೆ, ಕ್ಷಾಮ ಬೇರೆ

1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷಕ್ಕೂ ಹೆಚ್ಚು ಜನರಿದ್ದರು. 1881ರಲ್ಲಿ ಎಣಿಸಿದಾಗ ಉಳಿದದ್ದು ಸುಮಾರು 42 ಲಕ್ಷ. ಮಳೆ ಬರಲಿಲ್ಲ ನಿಜ. ಆದರೆ ಆ ವರ್ಷಗಳಲ್ಲೂ ಭಾರತದಿಂದ ಧಾನ್ಯ ಹಡಗಿನಲ್ಲಿ ಹೊರದೇಶಕ್ಕೆ ಹೋಗುತ್ತಿತ್ತು. ಕೂಲಿಯಿಲ್ಲದ ಬಡವರಿಗೆ ಏರಿದ ಬೆಲೆಯಲ್ಲಿ ಕೊಳ್ಳಲು ಆಗಲಿಲ್ಲ. ಮಳೆ ನಮ್ಮ ಕೈಯಲ್ಲಿಲ್ಲ. ಕಾಳು, ನೀರು, ಹಣ ಎಷ್ಟು ಕೂಡಿಟ್ಟಿದ್ದೇವೆ, ಅದು ಯಾರ ಕೈಗೆ ಸಿಗುತ್ತದೆ ಅನ್ನುವುದು ನಮ್ಮ ಕೈಯಲ್ಲಿದೆ.

ಸಂಘ ಏನು ಮಾಡಬಹುದು?

• ಮೂರು ವರ್ಷದ ಲೆಕ್ಕ ಹಾಕಿ. ದೊಡ್ಡ ಸಾಲ ಕೊಡುವ ಮೊದಲು, "ಮೂರು ವರ್ಷ ಸತತ ಮಳೆ ಕೈಕೊಟ್ಟರೆ ಈ ಕಂತು ಎಲ್ಲಿಂದ ಬರುತ್ತದೆ?" ಅಂತ ಕೇಳಿ. ಬೋರ್‌ವೆಲ್ ಸಾಲಕ್ಕಂತೂ ತಪ್ಪದೆ ಕೇಳಿ. ಮಳೆ ಹೋದ ಕಾಲದಲ್ಲೇ ಬೋರ್‌ವೆಲ್ಲೂ ಬತ್ತುತ್ತದೆ.
• ಬರ ನಿಧಿ ಇಡಿ. ಉಳಿತಾಯದ ಜೊತೆ ಸ್ವಲ್ಪ ಹಣ ಬೇರೆ ಎತ್ತಿಡಿ. ಬರದ ವರ್ಷ ಕಂತು ಮುಂದೂಡುವ ನಿಯಮವನ್ನು ಮಳೆ ಚೆನ್ನಾಗಿರುವಾಗಲೇ ನಿರ್ಣಯ ಪುಸ್ತಕದಲ್ಲಿ ಬರೆಯಿರಿ. ಕಷ್ಟ ಬಂದ ಮೇಲೆ ನಿಯಮ ಮಾಡಲು ಹೋದರೆ ಜಗಳವಾಗುತ್ತದೆ.
• ಕಾಳು ಕೂಡಿಡಿ. ನಮ್ಮ ಹಿರಿಯರು ಹಗೇವಿನಲ್ಲಿ ರಾಗಿ, ಜೋಳ ತುಂಬಿಡುತ್ತಿದ್ದರು. ರಾಗಿಯನ್ನು ಚೆನ್ನಾಗಿ ಒಣಗಿಸಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಸಂಘಕ್ಕೊಂದು ಕಾಳಿನ ಕಣಜ ಮಾಡಿಕೊಳ್ಳಬಹುದು.
• ಕೆರೆಯ ಹೂಳು ತೆಗೆಸಲು ಗ್ರಾಮಸಭೆಯಲ್ಲಿ ಒಟ್ಟಾಗಿ ಕೇಳಿ. ಹೊಲದ ಬದು ಬಲಪಡಿಸಿ.
• ಮಳೆ ಪುಸ್ತಕ ಇಡಿ. ಮಳೆ ಬಂದ ದಿನ, ಬಿತ್ತಿದ ದಿನ, ಬಾವಿಯ ನೀರಿನ ಆಳ ಬರೆದಿಡಿ. ಮರ ತನ್ನ ಲೆಕ್ಕ ಬರೆದುಕೊಳ್ಳುತ್ತದೆ. ನಮ್ಮ ಲೆಕ್ಕ ನಾವು ಬರೆದರೆ ಮಕ್ಕಳಿಗೆ ಉಪಯೋಗಕ್ಕೆ ಬರುತ್ತದೆ.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಊರಿನಲ್ಲಿ ಬರ ಎಷ್ಟು ವರ್ಷ ಸತತವಾಗಿ ಬಂದದ್ದುಂಟು? ಆಗ ಯಾರು ಊರು ಬಿಟ್ಟರು, ಯಾರು ಉಳಿದರು? ಉಳಿದವರು ಹೇಗೆ ಬದುಕಿದರು?
2. ಇಂದು ಮಳೆ ನಿಂತರೆ, ನಮ್ಮ ಮನೆಯ ಕಾಳು ಎಷ್ಟು ತಿಂಗಳಿಗೆ ಸಾಕು?
3. ಸಂಘದ ಈಗಿನ ಸಾಲಗಳಲ್ಲಿ ಮಳೆಯನ್ನೇ ನಂಬಿದವು ಎಷ್ಟು?

ಮೂರನೆಯ ಪ್ರಶ್ನೆಯ ಉತ್ತರವನ್ನು ಅಂದಾಜಿಗೆ ಹೇಳಬೇಡಿ. ಲೆಡ್ಜರ್ ತೆಗೆದು, ಒಬ್ಬೊಬ್ಬರ ಹೆಸರು ಓದಿ ಎಣಿಸಿ.