ಬೇಡದ ಯೋಚನೆ ಬಂದರೆ ಬೆದರಬೇಡಿ

ಜೋಗದಲ್ಲಿ ಕಂಬಿ ಹಿಡಿದು ನಿಂತು, 830 ಅಡಿ ಕೆಳಕ್ಕೆ ಧುಮುಕುವ ರಾಜಾ ಧಾರೆಯನ್ನು ನೋಡುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಮನೆಯವರೆಲ್ಲ ಜೊತೆಗಿದ್ದಾರೆ. ಮನಸ್ಸಿಗೆ ಯಾವ ಬೇಸರವೂ ಇಲ್ಲ. ಇದ್ದಕ್ಕಿದ್ದಂತೆ ‘ಈಗ ಹಾರಿಬಿಟ್ಟರೆ?’ ಎಂಬ ಯೋಚನೆ ಮಿಂಚಿ ಹೋಗುತ್ತದೆ. ಎದೆ ಧಸಕ್ಕೆನ್ನುತ್ತದೆ. ಎರಡು ಹೆಜ್ಜೆ ಹಿಂದೆ ಸರಿಯುತ್ತೀರಿ.

ಇಂಥ ಯೋಚನೆಗಳು ಎತ್ತರದ ಜಾಗದಲ್ಲಿ ಮಾತ್ರ ಬರುತ್ತವೆಂದಲ್ಲ. ಸ್ಕೂಟರ್ ಓಡಿಸುವಾಗ ‘ಎದುರಿನ ಲಾರಿಯ ಕಡೆಗೆ ತಿರುಗಿಸಿಬಿಟ್ಟರೆ?’ ಎನಿಸಬಹುದು. ಈಳಿಗೆಮಣೆಯ ಮುಂದೆ ಕುಳಿತ ತಾಯಿಗೆ ‘ಪಕ್ಕದಲ್ಲಿ ಆಡುತ್ತಿರುವ ಮಗುವಿಗೆ ನಾನೇ ಏನಾದರೂ ಮಾಡಿಬಿಟ್ಟರೆ?’ ಎಂದು ಹೊಳೆಯಬಹುದು. ಮಂಗಳಾರತಿಯ ಹೊತ್ತಿನಲ್ಲಿ ಭಕ್ತರೊಬ್ಬರಿಗೆ ‘ದೇವರ ಮುಂದೆ ಕೆಟ್ಟ ಮಾತು ಕೂಗಿಬಿಟ್ಟರೆ?’ ಎಂದು ಭಯವಾಗಬಹುದು.

ಈ ವಿಷಯವನ್ನು ಯಾರೂ ನೇರವಾಗಿ ಹೇಳಿಕೊಳ್ಳುವುದಿಲ್ಲ. ತಲೆನೋವು, ಗ್ಯಾಸ್ಟ್ರಿಕ್, ನಿದ್ರೆಯಿಲ್ಲ ಎಂದು ನಮ್ಮ ಬಳಿ ಬರುತ್ತಾರೆ. ಚೀಟಿ ಬರೆಸಿಕೊಂಡು ಏಳುವಾಗ ಮೆಲ್ಲಗೆ ಕೇಳುತ್ತಾರೆ: ‘ಡಾಕ್ಟ್ರೇ, ನನಗೆ ಹುಚ್ಚು ಹಿಡಿಯುತ್ತಿದೆಯಾ?’ ಬಹುಪಾಲು ಮಂದಿಯ ವಿಷಯದಲ್ಲಿ ಇದಕ್ಕೆ ಉತ್ತರ, ‘ಇಲ್ಲ.’

ಇದು ಎಷ್ಟು ಸಾಮಾನ್ಯ?

1978ರಲ್ಲಿ ಲಂಡನ್ನಿನಲ್ಲಿ ರಾಕ್‌ಮನ್ ಮತ್ತು ಡಿ ಸಿಲ್ವ ಎಂಬ ಇಬ್ಬರು ಮನೋವಿಜ್ಞಾನಿಗಳು ಯಾವ ಮನೋರೋಗವೂ ಇಲ್ಲದ ಜನರನ್ನು ವಿಚಾರಿಸಿದರು. ಶೇಕಡ 80ರಷ್ಟು ಮಂದಿ ಇಂಥ ಬೇಡದ ಯೋಚನೆಗಳು ತಮಗೂ ಬರುತ್ತವೆಂದು ಒಪ್ಪಿಕೊಂಡರು. 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 13 ದೇಶಗಳ 777 ವಿದ್ಯಾರ್ಥಿಗಳನ್ನು ಕೇಳಿದಾಗ, ಹಿಂದಿನ ಮೂರು ತಿಂಗಳಲ್ಲಿ ಒಮ್ಮೆಯಾದರೂ ಹೀಗಾಗಿದೆ ಎಂದವರು ಶೇಕಡ 94. ಅಂದರೆ ನಿಮ್ಮ ಪಕ್ಕದ ಮನೆಯವರಿಗೂ ಬಂದಿರಬಹುದು. ಅವರೂ ಹೇಳಿರುವುದಿಲ್ಲ, ಅಷ್ಟೆ.

ಎತ್ತರದಿಂದ ಹಾರುವ ಯೋಚನೆಯನ್ನೇ ಹಿಡಿದು ಅಮೆರಿಕದ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದವರು 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆತ್ಮಹತ್ಯೆಯ ವಿಚಾರ ಎಂದೂ ಮಾಡದವರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಈ ಅನುಭವವಾಗಿತ್ತು. ಅವರು ಮುಂದಿಟ್ಟ ವಿವರಣೆ ಹೀಗಿದೆ: ಅಂಚಿನ ಹತ್ತಿರ ಹೋದೊಡನೆ ಮಿದುಳು ‘ಅಪಾಯ, ಹಿಂದೆ ಸರಿ’ ಎಂದು ಎಚ್ಚರಿಸುತ್ತದೆ. ದೇಹ ಆ ಕ್ಷಣವೇ ಹಿಂದೆ ಸರಿಯುತ್ತದೆ. ನಿಧಾನವಾಗಿ ಯೋಚಿಸುವ ಮನಸ್ಸು ಆಮೇಲೆ ‘ನಾನೇಕೆ ಬೆಚ್ಚಿದೆ? ಹಾರಬೇಕೆನಿಸಿತ್ತೇನೋ’ ಎಂದು ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತದೆ. ಈ ವಿವರಣೆ ಸರಿಯಾದರೆ ಅದು ಸಾಯುವ ಆಸೆಯಲ್ಲ, ಬದುಕುವ ಆಸೆಯೇ ಕೊಟ್ಟ ಎಚ್ಚರಿಕೆ.

ಯೋಚನೆ ರೋಗವಾಗುವುದು ಹೇಗೆ?

‘ಮಂಗನನ್ನು ನೆನೆಯದೆ ಔಷಧ ಕುಡಿ’ ಎಂಬ ಮಾತನ್ನು ನೀವು ಕೇಳಿದ್ದೀರಿ. ಔಷಧದ ಲೋಟ ಎತ್ತಿದೊಡನೆ ಮಂಗನೇ ಕಣ್ಣ ಮುಂದೆ ಬರುತ್ತಾನೆ. 1987ರಲ್ಲಿ ಡೇನಿಯಲ್ ವೆಗ್ನರ್ ಎಂಬ ಅಮೆರಿಕದ ವಿಜ್ಞಾನಿ ಇದನ್ನೇ ಪರೀಕ್ಷಿಸಿದರು. ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದರು. ವಿದ್ಯಾರ್ಥಿಗಳು ನಿಮಿಷಕ್ಕೊಮ್ಮೆಗಿಂತ ಹೆಚ್ಚು ಸಲ ಗಂಟೆ ಬಾರಿಸಿದರು!

ನಮ್ಮ ಬೇಡದ ಯೋಚನೆಯೂ ಹಾಗೆಯೇ. ‘ಥೂ, ಏನಿದು’ ಎಂದು ಬಿಟ್ಟರೆ ಹೋಗುತ್ತದೆ. ‘ಇಂಥದ್ದು ಹೊಳೆಯಿತೆಂದರೆ ನಾನು ಪಾಪಿಯೇ ಇರಬೇಕು, ಮಾಡಿಯೂ ಬಿಡುತ್ತೇನೆ’ ಎಂದು ಅದನ್ನು ಹೊಸಕಲು ಹೊರಟರೆ ಮತ್ತೆ ಮತ್ತೆ ಬರುತ್ತದೆ. ಆಮೇಲೆ ಮನುಷ್ಯ ಚಾಕು ಮುಚ್ಚಿಡುತ್ತಾನೆ, ಮಹಡಿ ಹತ್ತುವುದನ್ನು ನಿಲ್ಲಿಸುತ್ತಾನೆ, ‘ನಾನು ಹಾಗೆ ಮಾಡುವುದಿಲ್ಲ ತಾನೆ?’ ಎಂದು ಮನೆಯವರನ್ನು ನೂರು ಸಲ ಕೇಳುತ್ತಾನೆ. ಪ್ರತಿ ಸಲವೂ ಸ್ವಲ್ಪ ಹೊತ್ತು ಸಮಾಧಾನವಾಗುತ್ತದೆ. ಆದರೆ ‘ಚಾಕು ಮುಚ್ಚಿಟ್ಟಿದ್ದರಿಂದಲೇ ಅನಾಹುತ ತಪ್ಪಿತು’ ಎಂದು ಮನಸ್ಸು ಕಲಿತುಬಿಡುತ್ತದೆ. ಭಯ ಬೆಳೆಯುತ್ತದೆ. ಇದೇ ಗೀಳು ಮನೋರೋಗದ ದಾರಿ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಸುಮಾರು ಶೇಕಡ 0.8ರಷ್ಟು ಮಂದಿಗೆ ಈ ಕಾಯಿಲೆ ಇದೆ.

ಬಾಣಂತಿಯರ ವಿಷಯ

ಬಾಣಂತನಕ್ಕೆ ತವರಿಗೆ ಬಂದಿದ್ದ ಹುಡುಗಿಯೊಬ್ಬಳು ಮಗುವನ್ನು ಎತ್ತಿಕೊಳ್ಳುವುದನ್ನೇ ಬಿಟ್ಟಿದ್ದಳು. ಮಗುವಿಗೆ ನೀರೆರೆಯುವಾಗ ಬಚ್ಚಲ ಹತ್ತಿರವೂ ಸುಳಿಯುತ್ತಿರಲಿಲ್ಲ. ‘ಹೆತ್ತ ಕೂಸಿನ ಮೇಲೆ ಮಮತೆಯಿಲ್ಲ’ ಎಂದು ಒಬ್ಬರು, ‘ದೃಷ್ಟಿಯಾಗಿದೆ, ಯಂತ್ರ ಕಟ್ಟಿಸಿ’ ಎಂದು ಇನ್ನೊಬ್ಬರು. ಒಬ್ಬಳನ್ನೇ ಕೂರಿಸಿ ಕೇಳಿದಾಗ ನಿಜ ಹೊರಬಿತ್ತು. ‘ನನ್ನ ಕೈಯಿಂದ ಮಗು ನೀರಿನಲ್ಲಿ ಮುಳುಗಿಹೋದರೆ?’ ಎಂಬ ಚಿತ್ರ ದಿನವೂ ಬರುತ್ತಿತ್ತು. ಮಮತೆ ಇಲ್ಲದ್ದಕ್ಕೆ ಅಲ್ಲ, ಮಗುವನ್ನು ಕಾಪಾಡಲೆಂದೇ ಅವಳು ದೂರ ನಿಂತಿದ್ದಳು.

2008ರಲ್ಲಿ ಪ್ರಕಟವಾದ ಕೆನಡಾದ ಒಂದು ಅಧ್ಯಯನದಲ್ಲಿ ಹೊಸ ತಾಯಂದಿರ ಪೈಕಿ ಸುಮಾರು ಅರ್ಧದಷ್ಟು ಮಂದಿ ಮಗುವಿಗೆ ತಾವೇ ಹಾನಿ ಮಾಡಿಬಿಡುವ ಬೇಡದ ಯೋಚನೆ ಬಂದದ್ದುಂಟು ಎಂದಿದ್ದರು. ಇಂಥ ಯೋಚನೆಗೆ ಬೆದರುವ ತಾಯಿಯಿಂದ ಮಗುವನ್ನು ಕಿತ್ತುಕೊಳ್ಳಬೇಡಿ. ‘ಇಂಥದ್ದು ಬರುತ್ತದಮ್ಮ, ಹೋಗುತ್ತದೆ. ನಾವಿದ್ದೇವೆ’ ಎನ್ನಿ. ರಾತ್ರಿ ಅವಳಿಗೆ ನಾಲ್ಕು ಗಂಟೆಯಾದರೂ ನೆಮ್ಮದಿಯ ನಿದ್ರೆ ಸಿಗುವಂತೆ ನೋಡಿಕೊಳ್ಳಿ. ವೈದ್ಯರ ಬಳಿಗೂ ಕರೆದುಕೊಂಡು ಹೋಗಿ.

ನಿಜವಾದ ಅಪಾಯ ಯಾವುದು?

ಎಲ್ಲವನ್ನೂ ‘ಬರೀ ಯೋಚನೆ’ ಎಂದು ತಳ್ಳಿಹಾಕುವುದೂ ತಪ್ಪು. ಗುರುತಿಸಬೇಕಾದದ್ದು ಇಷ್ಟು: ಬೇಡದ ಯೋಚನೆ ಬಂದವರು ಅದಕ್ಕೆ ಹೆದರುತ್ತಾರೆ, ಅಸಹ್ಯಪಡುತ್ತಾರೆ, ದೂರ ಓಡುತ್ತಾರೆ. ಕೆಳಗಿನ ಲಕ್ಷಣಗಳು ಹಾಗಲ್ಲ. ಇವುಗಳಲ್ಲಿ ಒಂದು ಕಂಡರೂ ಅಂದೇ ವೈದ್ಯರಿಗೆ ತೋರಿಸಿ:

* ‘ಬದುಕಿ ಪ್ರಯೋಜನವಿಲ್ಲ, ಸತ್ತರೆ ಎಲ್ಲರಿಗೂ ನೆಮ್ಮದಿ’ ಎಂಬ ಮಾತು. ಸಾವಿನ ಯೋಚನೆ ಭಯದ ಬದಲು ಸಮಾಧಾನ ತರುವುದು.

* ಹೇಗೆ, ಎಂದು ಎಂಬ ಸಿದ್ಧತೆ. ಇಷ್ಟದ ವಸ್ತುಗಳನ್ನು ಹಂಚುವುದು, ಎಲ್ಲರಿಂದ ಬೀಳ್ಕೊಳ್ಳುವಂತೆ ಮಾತನಾಡುವುದು.

* ಹಿಂದೊಮ್ಮೆ ಆತ್ಮಹತ್ಯೆಗೆ ಯತ್ನಿಸಿದವರಲ್ಲಿ ಮತ್ತೆ ಅದೇ ಮಾತು. ಇದರ ಜೊತೆ ಕುಡಿತವಿದ್ದರೆ ಅಪಾಯ ಇನ್ನೂ ಹೆಚ್ಚು.

* ‘ಹಾರು’, ‘ಹೊಡೆ’ ಎಂದು ಕಿವಿಯಲ್ಲಿ ಧ್ವನಿ ಕೇಳಿಸುವುದು.

* ಬಾಣಂತಿ ನಿದ್ರೆಯೇ ಮಾಡದೆ ಅಸಂಬದ್ಧ ಮಾತನಾಡುವುದು, ಮಗು ತನ್ನದಲ್ಲ ಎನ್ನುವುದು, ದೇವರ ಅಪ್ಪಣೆಯಾಗಿದೆ ಎನ್ನುವುದು. ಸಾವಿರ ಹೆರಿಗೆಗಳಲ್ಲಿ ಒಬ್ಬರು ಇಬ್ಬರಿಗೆ ಬರುವ ಈ ಬಾಣಂತಿ ಚಿತ್ತವಿಕಲತೆ ಬೇರೆಯೇ ಕಾಯಿಲೆ. ತಾಯಿಯನ್ನೂ ಮಗುವನ್ನೂ ಒಂದು ಕ್ಷಣವೂ ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆತರಬೇಕು.

‘ಸಾಯುವ ಯೋಚನೆ ಬರುತ್ತಿದೆಯಾ?’ ಎಂದು ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂದು ಹಲವರು ಅಂಜುತ್ತಾರೆ. ಅದು ಸುಳ್ಳು. ಪ್ರೀತಿಯಿಂದ ಕೇಳಿ. ಕೇಳಿದವರೊಬ್ಬರು ಇದ್ದಾರೆಂಬುದೇ ದೊಡ್ಡ ಆಸರೆ.

ಏನು ಮಾಡಬೇಕು?

ಯೋಚನೆ ಬಂದಾಗ ‘ಇದು ಬೇಡದ ಯೋಚನೆ, ನನ್ನ ಆಸೆಯಲ್ಲ’ ಎಂದು ಒಮ್ಮೆ ಹೇಳಿಕೊಳ್ಳಿ. ಅದರೊಡನೆ ವಾದಕ್ಕೆ ಇಳಿಯಬೇಡಿ. ಪರಿಹಾರಕ್ಕೆಂದು ಮಂತ್ರ ಎಣಿಸಬೇಡಿ. ಕೈಯಲ್ಲಿದ್ದ ಕೆಲಸ ಮುಂದುವರಿಸಿ. ತರಕಾರಿ ಹೆಚ್ಚುತ್ತಿದ್ದರೆ ಹೆಚ್ಚಿ ಮುಗಿಸಿ. ಬೀದಿಯಲ್ಲಿ ಮೆರವಣಿಗೆ ಹೋಗುತ್ತದೆ, ನಾವು ಜಗುಲಿಯಲ್ಲಿ ಕುಳಿತು ನೋಡುತ್ತೇವೆ. ಅದನ್ನು ತಡೆಯಲೂ ಹೋಗುವುದಿಲ್ಲ, ಅದರ ಹಿಂದೆಯೂ ಹೋಗುವುದಿಲ್ಲ. ಹಾಗೆಯೇ ಇದು. ನಂಬಿಕೆಯ ಒಬ್ಬರಲ್ಲಿ ಹೇಳಿಕೊಂಡರೆ ಅರ್ಧ ಭಾರ ಇಳಿಯುತ್ತದೆ.

ದಿನಕ್ಕೆ ಒಂದು ಗಂಟೆಗೂ ಮಿಕ್ಕಿ ಇದರಲ್ಲೇ ಕಳೆಯುತ್ತಿದ್ದರೆ, ಅಥವಾ ಇದಕ್ಕೆ ಹೆದರಿ ಅಡುಗೆ, ಕೆಲಸ, ಪ್ರಯಾಣ ಬಿಟ್ಟಿದ್ದರೆ ಚಿಕಿತ್ಸೆ ಬೇಕು. ಭಯಪಡುವ ಸನ್ನಿವೇಶವನ್ನು ಸ್ವಲ್ಪಸ್ವಲ್ಪವಾಗಿ ಎದುರಿಸುವಂತೆ ಕಲಿಸುವ ವರ್ತನಾ ಚಿಕಿತ್ಸೆ ಇದೆ. ಫ್ಲೂಯಾಕ್ಸೆಟಿನ್, ಸರ್ಟ್ರಲಿನ್‌ನಂಥ ಔಷಧಗಳಿವೆ. ಇವು ನಿದ್ರೆ ಮಾತ್ರೆಗಳಲ್ಲ. ಪೂರ್ಣ ಗುಣ ಕಾಣಲು 8ರಿಂದ 12 ವಾರ ಬೇಕು. ವಾರಕ್ಕೇ ಗುಣ ಕಾಣಲಿಲ್ಲವೆಂದು ನಿಲ್ಲಿಸಬೇಡಿ. ಗುಣವಾಯಿತೆಂದು ನೀವೇ ತಟ್ಟನೆ ನಿಲ್ಲಿಸುವುದೂ ಸಲ್ಲ. ಹಾಲುಣಿಸುವ ತಾಯಂದಿರಿಗೂ ಕೊಡಬಹುದಾದ ಔಷಧಗಳಿವೆ, ಆದರೆ ವೈದ್ಯರ ಸಲಹೆಯಿಲ್ಲದೆ ಅಂಗಡಿಯಿಂದ ತಂದು ನುಂಗಬೇಡಿ.

ಮೊದಲು ನಿಮ್ಮ ಕುಟುಂಬ ವೈದ್ಯರಿಗೇ ಹೇಳಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳು ರೋಗಕ್ಕೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕನ್ನಡದಲ್ಲೇ ಮಾತನಾಡಬಹುದು. ಈ ಸಂಖ್ಯೆಯನ್ನು ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.